ಸ್ಕ್ಯಾನಿಂಗ್ ಹಾಳೆಯ ಬಿಳಿ ಚುಕ್ಕೆ: ಕಿಡ್ನಿಯ ಸುಣ್ಣ ಬೇರೆ, ಕಲ್ಲು ಬೇರೆ

ಹೊಟ್ಟೆಯ ಸ್ಕ್ಯಾನಿಂಗ್ ಮಾಡಿಸಿದವರ ಕೈಗೆ ಬರುವ ಹಾಳೆಯಲ್ಲಿ ಕಿಡ್ನಿಯ ಬಗ್ಗೆ ಎರಡು ಸಾಲು ಇರುತ್ತದೆ. ಒಬ್ಬರದ್ದರಲ್ಲಿ ‘ಕ್ಯಾಲ್ಕ್ಯುಲಸ್ 4 ಎಂ.ಎಂ.’ ಎಂದಿರುತ್ತದೆ, ಇನ್ನೊಬ್ಬರದ್ದರಲ್ಲಿ ‘ಕ್ಯಾಲ್ಸಿಫಿಕೇಶನ್’, ಮತ್ತೊಬ್ಬರದ್ದರಲ್ಲಿ ‘ಎಕೋಜೆನಿಕ್ ಫೋಕಸ್’. ಮೂವರೂ ಮನೆಗೆ ಬಂದು ಹೇಳುವುದು ಒಂದೇ ಮಾತು: ಕಿಡ್ನಿಯಲ್ಲಿ ಕಲ್ಲಿದೆಯಂತೆ. ಮರುದಿನದಿಂದ ಮೂವರಿಗೂ ಒಂದೇ ಮದ್ದು. ಬಾಳೆದಿಂಡಿನ ರಸ, ಹುರುಳಿ ಬೇಯಿಸಿದ ನೀರು. ಟೊಮೆಟೊ ಬಂದ್, ಹಾಲು ಬಂದ್. ಕಾಸರಗೋಡಿನ ಕುಂಬಳೆಯಿಂದ ಬದಿಯಡ್ಕ, ಮುಳ್ಳೇರಿಯದ ತನಕ ಈ ಪಟ್ಟಿ ಹೆಚ್ಚು ಬದಲಾಗುವುದಿಲ್ಲ. ಆದರೆ ಆ ಮೂರು ಸಾಲುಗಳ ಅರ್ಥ ಒಂದಲ್ಲ. ಸುಣ್ಣದ ಅಂಶ ಎಲ್ಲಿ ಕೂತಿದೆ ಎನ್ನುವುದರ ಮೇಲೆ ಮುಂದಿನ ದಾರಿ ನಿಂತಿದೆ.

ನಮ್ಮ ಕಡೆಯವರಿಗೆ ಇದನ್ನು ಸುರಂಗದ ಲೆಕ್ಕದಲ್ಲಿ ಹೇಳಿದರೆ ಬೇಗ ತಿಳಿಯುತ್ತದೆ. ಬಾಯಾರು, ಎಣ್ಮಕಜೆಯ ಗುಡ್ಡಗಳಲ್ಲಿ ಅಡ್ಡಕ್ಕೆ ಕೊರೆದ ಸುರಂಗದ ಗೋಡೆಯಿಂದ ನೀರು ಜಿನುಗಿ, ತಳದಲ್ಲಿ ಸೇರಿ, ದಂಬೆಯಲ್ಲಿ (ನೀರು ಸಾಗಿಸುವ ಅಡಿಕೆ ಮರದ ದೋಣಿ) ಹರಿದು ಹೊರಗಿನ ಮದಕಕ್ಕೆ (ಕೆರೆಗೆ) ಬೀಳುತ್ತದೆ. ಕಿಡ್ನಿಯೂ ಹಾಗೆಯೇ. ಅದರ ತಿರುಳಿನಲ್ಲಿ ಸೋಸಿದ ಮೂತ್ರ ಒಳಗಿನ ಬಟ್ಟಲುಗಳಿಗೆ ಜಿನುಗುತ್ತದೆ, ಅಲ್ಲಿಂದ 25–30 ಸೆಂ.ಮೀ. ಉದ್ದದ ಮೂತ್ರನಾಳದಲ್ಲಿ ಇಳಿದು ಚೀಲಕ್ಕೆ ಬರುತ್ತದೆ. ಗೋಡೆಯ ಒಳಗೇ ಸುಣ್ಣ ಕಟ್ಟಿದರೆ ಅದು ಕ್ಯಾಲ್ಸಿಫಿಕೇಶನ್. ಬಟ್ಟಲಿನಲ್ಲಿ ಹರಳು ಬೆಳೆದು ಕೂತರೆ ಅದು ಕಲ್ಲು, ಅಂದರೆ ಕ್ಯಾಲ್ಕ್ಯುಲಸ್. ಆ ಕಲ್ಲು ದಂಬೆಗೆ ಇಳಿದು ಸಿಕ್ಕಿಕೊಂಡಾಗ ಮಾತ್ರ ಜೀವ ಹಿಂಡುವ ನೋವು.

ಗೋಡೆಯ ಸುಣ್ಣವೂ ಒಂದೇ ಬಗೆಯದ್ದಲ್ಲ. ವಯಸ್ಸಾದವರಲ್ಲಿ, ಬಹುಕಾಲದ ಸಕ್ಕರೆ ಕಾಯಿಲೆಯವರಲ್ಲಿ ರಕ್ತನಾಳದ ಗೋಡೆ ಗಟ್ಟಿಯಾಗಿ ಬಿಳಿ ಗೆರೆಯಂತೆ ಕಾಣುವುದುಂಟು. ಹಿಂದೆ ಆಗಿ ಮಾಸಿದ ಸೋಂಕು ಅಥವಾ ಕ್ಷಯದ ಗುರುತು ಇರಬಹುದು. ನೀರುಗುಳ್ಳೆಯ ಅಂಚಿಗೆ ಸುಣ್ಣ ಹತ್ತಿರಬಹುದು. ಗಡ್ಡೆಯೊಳಗೂ ಸುಣ್ಣ ಇರಬಹುದು; ಆದ್ದರಿಂದ ರಿಪೋರ್ಟಿನಲ್ಲಿ ‘ಮಾಸ್’ ಅಥವಾ ‘ಲೀಶನ್’ ಎಂಬ ಪದದ ಜೊತೆಗೆ ಕ್ಯಾಲ್ಸಿಫಿಕೇಶನ್ ಎಂದಿದ್ದರೆ ಬಾಳೆದಿಂಡು ಹುಡುಕುವುದಲ್ಲ, ಕಾಂಟ್ರಾಸ್ಟ್ ಮದ್ದು ಕೊಟ್ಟು ಮಾಡುವ ಸಿ.ಟಿ. ಸ್ಕ್ಯಾನ್ ಬೇಕೇ ಎಂದು ವೈದ್ಯರನ್ನು ಕೂಡಲೇ ಕೇಳಬೇಕು. ‘ಎಕೋಜೆನಿಕ್ ಫೋಕಸ್’ ಎಂದರೆ ಬೆಳ್ಳಗೆ ಹೊಳೆಯುವ ಚುಕ್ಕೆ, ಅಷ್ಟೇ. ಕೊಬ್ಬೂ ಹಾಗೆ ಹೊಳೆಯುತ್ತದೆ. ಚುಕ್ಕೆಯ ಹಿಂದೆ ಕಪ್ಪು ನೆರಳು ಬಿದ್ದಿದ್ದರೆ, ಅಂದರೆ ‘ಶಾಡೋಯಿಂಗ್’ ಎಂದು ಬರೆದಿದ್ದರೆ, ಕಲ್ಲೆಂಬ ಅನುಮಾನ ಗಟ್ಟಿಯಾಗುತ್ತದೆ. ಅಲ್ಟ್ರಾಸೌಂಡಿನಲ್ಲಿ ಸಣ್ಣ ಕಲ್ಲು ಇದ್ದದ್ದಕ್ಕಿಂತ ದೊಡ್ಡದಾಗಿ ಕಾಣುವುದು ಸಾಮಾನ್ಯ, 5 ಎಂ.ಎಂ.ಗಿಂತ ಚಿಕ್ಕದು ಕಣ್ಣಿಗೇ ಬೀಳದಿರುವುದೂ ಸಾಮಾನ್ಯ. ಹೋದ ವರ್ಷ 3 ಎಂ.ಎಂ., ಈ ವರ್ಷ 4 ಎಂ.ಎಂ. ಎಂದಾಕ್ಷಣ ಬೆಳೆದಿದೆ ಎಂದು ಕಂಗೆಡಬೇಕಾಗಿಲ್ಲ.

ಎರಡೂ ಕಿಡ್ನಿಯ ತಿರುಳಿನಲ್ಲಿ ಗುಂಪುಗುಂಪಾಗಿ ಸುಣ್ಣ ಕಂಡರೆ ಅದಕ್ಕೆ ‘ನೆಫ್ರೋಕ್ಯಾಲ್ಸಿನೋಸಿಸ್’ ಎನ್ನುತ್ತಾರೆ. ಈ ಪದ ಕಂಡವರು ಖಂಡಿತ ಕಾರಣ ಹುಡುಕಿಸಲೇಬೇಕು, ಯಾಕೆಂದರೆ ಇದು ಬೇರೆ ಯಾವುದೋ ಕಾಯಿಲೆಯ ಸುಳಿವು. ಕುತ್ತಿಗೆಯ ಪ್ಯಾರಾಥೈರಾಯ್ಡ್ ಗ್ರಂಥಿ ಹೆಚ್ಚು ಕೆಲಸ ಮಾಡುತ್ತಿರಬಹುದು. ಕಿಡ್ನಿಗೆ ಆಮ್ಲ ಹೊರಹಾಕಲು ಆಗದ ದೋಷ ಇರಬಹುದು. ಅದರಲ್ಲಿ ರಕ್ತದ ಪೊಟ್ಯಾಸಿಯಂ ಇಳಿದು ಕೈಕಾಲು ಸೋಲುತ್ತದೆ, ಮಕ್ಕಳಾದರೆ ಎತ್ತರ ಬೆಳೆಯುವುದಿಲ್ಲ. ಕೇಳಿ ಮಾಡಿಸಬೇಕಾದ ರಕ್ತಪರೀಕ್ಷೆಗಳು ಕ್ರಿಯಾಟಿನಿನ್ (ಕಿಡ್ನಿ ಕೆಲಸದ ಅಳತೆ), ಕ್ಯಾಲ್ಸಿಯಂ, ಫಾಸ್ಫರಸ್, ಯೂರಿಕ್ ಆಸಿಡ್, ಪೊಟ್ಯಾಸಿಯಂ, ಬೈಕಾರ್ಬೊನೇಟ್. ಕ್ಯಾಲ್ಸಿಯಂ ಏರಿದ್ದರೆ ಪಿ.ಟಿ.ಎಚ್. (ಪ್ಯಾರಾಥೈರಾಯ್ಡ್ ಹಾರ್ಮೋನು) ಮತ್ತು ವಿಟಮಿನ್ ಡಿ. ಜೊತೆಗೆ ಮೂತ್ರದ ಪಿ.ಎಚ್., ಅಂದರೆ ಅದರ ಆಮ್ಲೀಯತೆಯ ಅಳತೆ.

ವಿಟಮಿನ್ ಡಿ ಬಗ್ಗೆ ನಿಂತು ಹೇಳಬೇಕು. 60,000 ಯೂನಿಟ್‌ನ ಪುಡಿ ಪೊಟ್ಟಣವೋ ಮಾತ್ರೆಯೋ ವಾರಕ್ಕೊಂದು ಎಂದು ಬರೆದಿರುತ್ತದೆ, ಅದೂ ಸಾಮಾನ್ಯವಾಗಿ ಎಂಟು ವಾರಕ್ಕೆ. ಕೆಲವರು ಅದನ್ನು ದಿನಕ್ಕೊಂದರಂತೆ ತೆಗೆದುಕೊಳ್ಳುತ್ತಾರೆ, ಕೆಲವರು ಹಳೆ ಚೀಟಿ ತೋರಿಸಿ ತಿಂಗಳುಗಟ್ಟಲೆ ಮುಂದುವರಿಸುತ್ತಾರೆ. ರಕ್ತದಲ್ಲಿ ಕ್ಯಾಲ್ಸಿಯಂ ಏರಿ, ವಾಂತಿ, ಮಲಬದ್ಧತೆ, ವಿಪರೀತ ಬಾಯಾರಿಕೆ ಶುರುವಾಗಿ, ಕಿಡ್ನಿಯೇ ಕೈಕೊಡುವ ಹಂತಕ್ಕೆ ಹೋಗಬಹುದು. ಇನ್ನೊಂದು ನಮ್ಮ ಅಡಿಕೆ ಸೀಮೆಗೇ ಸೇರಿದ್ದು. ಎಲೆಗೆ ಹಚ್ಚುವ ಸುಣ್ಣ ಕ್ಯಾಲ್ಸಿಯಂ ಹೈಡ್ರಾಕ್ಸೈಡ್. ದಿನವಿಡೀ ಕವಳ ಹಾಕುವವರಲ್ಲಿ ಆ ಸುಣ್ಣದಿಂದಲೇ ರಕ್ತದ ಕ್ಯಾಲ್ಸಿಯಂ ಏರಿದ ಪ್ರಕರಣಗಳು ವೈದ್ಯಕೀಯ ದಾಖಲೆಯಲ್ಲಿವೆ. ಬಾಯಿಯ ಕ್ಯಾನ್ಸರಿನ ಭಯ ಎಲ್ಲರಿಗೂ ಗೊತ್ತು, ಕಿಡ್ನಿಯ ಈ ಲೆಕ್ಕ ಗೊತ್ತಿರುವವರು ಕಡಿಮೆ. ವೈದ್ಯರು ಮದ್ದಿನ ಪಟ್ಟಿ ಕೇಳಿದಾಗ ಎಲೆ-ಅಡಿಕೆಯನ್ನೂ ಎಷ್ಟು ಸಲ ಎಂಬುದನ್ನೂ ಹೇಳಿ.

ಗೋಡೆಯ ಸುಣ್ಣಕ್ಕೂ ಬಟ್ಟಲಿನ ಕಲ್ಲಿಗೂ ಸಂಬಂಧವೇ ಇಲ್ಲ ಎಂದೂ ಅಲ್ಲ. ತಿರುಳು ಬಟ್ಟಲಿಗೆ ತಾಗುವ ತುದಿಯಲ್ಲಿ ಕ್ಯಾಲ್ಸಿಯಂ ಫಾಸ್ಫೇಟಿನ ತೇಪೆ ಕಟ್ಟಿ, ಅದರ ಮೇಲೆ ಕಲ್ಲು ಬೆಳೆಯುವುದನ್ನು ಅಮೆರಿಕದ ಅಲೆಕ್ಸಾಂಡರ್ ರಾಂಡಲ್ 1937ರಲ್ಲಿ ತೋರಿಸಿಕೊಟ್ಟರು. ಇಂದಿಗೂ ಅದಕ್ಕೆ ರಾಂಡಲ್ ತೇಪೆ ಎಂದೇ ಹೆಸರು. ಕಲ್ಲುಗಳಲ್ಲಿ ಬಹುಪಾಲು ಕ್ಯಾಲ್ಸಿಯಂ ಆಕ್ಸಲೇಟ್. ಉಳಿದವು ಕ್ಯಾಲ್ಸಿಯಂ ಫಾಸ್ಫೇಟ್, ಯೂರಿಕ್ ಆಸಿಡ್, ಸೋಂಕಿನಿಂದ ಬೆಳೆಯುವ ಸ್ಟ್ರುವೈಟ್, ಮತ್ತು ಅಪರೂಪಕ್ಕೆ ವಂಶದಿಂದ ಬರುವ ಸಿಸ್ಟೀನ್.

ಬಟ್ಟಲಿನಲ್ಲಿ ಸುಮ್ಮನೆ ಕೂತ 3–4 ಎಂ.ಎಂ. ಕಲ್ಲು ಸಾಮಾನ್ಯವಾಗಿ ನೋಯುವುದಿಲ್ಲ. ಬಗ್ಗಿದಾಗ, ಹೊರೆ ಎತ್ತಿದಾಗ ಹೆಚ್ಚುವ ಸೊಂಟನೋವು ಹೆಚ್ಚಾಗಿ ಸ್ನಾಯುವಿನದ್ದು. ಅದನ್ನು ಕಲ್ಲಿನ ತಲೆಗೆ ಕಟ್ಟಿ ವರ್ಷಗಟ್ಟಲೆ ಮದ್ದು ಕುಡಿದರೆ ಕಡಿಮೆಯಾಗುವುದಿಲ್ಲ. ಕಲ್ಲಿನ ನೋವೇ ಬೇರೆ. ಪಕ್ಕೆಯಲ್ಲಿ ಶುರುವಾಗಿ ತೊಡೆಸಂದಿಯ ಕಡೆಗೆ ಇಳಿಯುತ್ತದೆ, ಅಲೆಅಲೆಯಾಗಿ ಬರುತ್ತದೆ, ವಾಂತಿ ತರಿಸುತ್ತದೆ. ನೋವು ತಿನ್ನುವವರು ಒಂದು ಕಡೆ ಮಲಗುವುದಿಲ್ಲ, ಹೊರಳಾಡುತ್ತಾರೆ, ಎದ್ದು ಓಡಾಡುತ್ತಾರೆ. ನಾಳದ ಒಳ ಅಗಲ 3–4 ಎಂ.ಎಂ. ಮಾತ್ರ. ಕಲ್ಲು ಸಿಕ್ಕುವ ಜಾಗಗಳು ಮೂರು: ಬಟ್ಟಲು ನಾಳಕ್ಕೆ ಸೇರುವಲ್ಲಿ, ನಾಳವು ಸೊಂಟದ ದೊಡ್ಡ ರಕ್ತನಾಳವನ್ನು ದಾಟುವಲ್ಲಿ, ಮತ್ತು ಚೀಲಕ್ಕೆ ಹೊಕ್ಕುವಲ್ಲಿ. ಕೊನೆಯ ಜಾಗಕ್ಕೆ ಬಂದಾಗ ಪದೇಪದೇ ಮೂತ್ರಕ್ಕೆ ಅವಸರವಾಗುತ್ತದೆ, ಹೋದರೆ ನಾಲ್ಕು ಹನಿ. ಉರಿಮೂತ್ರ ಎಂದು ತಪ್ಪು ತಿಳಿಯುವುದು ಇಲ್ಲಿಯೇ.

ನೋವಿನ ಹೊತ್ತಿಗೆ ಚೆಂಬು ಚೆಂಬು ನೀರು ಕುಡಿಸುವುದು ನಮ್ಮಲ್ಲಿ ರೂಢಿ, ಕಲ್ಲು ಕೊಚ್ಚಿಕೊಂಡು ಹೋಗಲಿ ಎಂದು. ಹಾಗೆ ಆಗುವುದಿಲ್ಲ. ದಂಬೆ ಕಟ್ಟಿರುವಾಗ ಮೇಲಿನಿಂದ ಇನ್ನಷ್ಟು ನೀರು ಬಂದರೆ ಬಟ್ಟಲು ಊದಿ ನೋವು ಹೆಚ್ಚುತ್ತದೆ. ನೋವು ಇಳಿಯುವ ತನಕ ಬಾಯಾರಿಕೆಗೆ ತಕ್ಕಷ್ಟು ಸಾಕು. ಮೊದಲ ಸಾಲಿನ ಮದ್ದು ಡೈಕ್ಲೊಫೆನಾಕ್ ಜಾತಿಯ ನೋವುನಿವಾರಕ. ಆದರೆ ಕ್ರಿಯಾಟಿನಿನ್ ಏರಿದವರು, ಹೊಟ್ಟೆಹುಣ್ಣಿನವರು, ಹೃದಯದ ತೊಂದರೆಯವರು, ಗರ್ಭಿಣಿಯರು ಅದನ್ನು ತಾವಾಗಿ ಅಂಗಡಿಯಿಂದ ತಂದು ನುಂಗಬಾರದು. 5ರಿಂದ 10 ಎಂ.ಎಂ. ಕಲ್ಲು ನಾಳದ ಕೆಳತುದಿಯಲ್ಲಿದ್ದರೆ ಟ್ಯಾಮ್ಸುಲೋಸಿನ್ 0.4 ಮಿ.ಗ್ರಾಂ. ಬರೆಯುತ್ತಾರೆ, ಅದು ನಾಳವನ್ನು ಸಡಿಲಿಸುತ್ತದೆ. ಎದ್ದಾಗ ತಲೆ ತಿರುಗಬಹುದು, ಆದ್ದರಿಂದ ರಾತ್ರಿ ತೆಗೆದುಕೊಳ್ಳುವುದು ಒಳ್ಳೆಯದು. 5 ಎಂ.ಎಂ.ಗಿಂತ ಚಿಕ್ಕ ಕಲ್ಲು ನಾಳಕ್ಕೆ ಇಳಿದರೆ ಮೂವರಲ್ಲಿ ಇಬ್ಬರಿಗೆ ತಾನಾಗಿ ಬೀಳುತ್ತದೆ, 5–10 ಎಂ.ಎಂ. ಆದರೆ ಸುಮಾರು ಅರ್ಧದಷ್ಟು ಮಂದಿಗೆ.

ನೋವು ನಿಂತರೆ ಕಲ್ಲು ಬಿತ್ತು ಎಂದಲ್ಲ! ಇದನ್ನು ದಯವಿಟ್ಟು ನೆನಪಿಡಿ. ಕಲ್ಲು ಅಲ್ಲೇ ಕೂತು, ಕಿಡ್ನಿ ಸದ್ದಿಲ್ಲದೆ ಊದುತ್ತಾ ಹೋಗಬಹುದು. ಬಿದ್ದ ಕಲ್ಲನ್ನು ಕಣ್ಣಾರೆ ನೋಡದಿದ್ದರೆ ನಾಲ್ಕು ವಾರದೊಳಗೆ ಮತ್ತೆ ಸ್ಕ್ಯಾನ್ ಆಗಬೇಕು. ‘ಹೈಡ್ರೋನೆಫ್ರೋಸಿಸ್’ ಎಂದರೆ ಬಟ್ಟಲು ಊದಿದೆ ಎಂದರ್ಥ; ಆರು ವಾರ ಕಳೆದೂ ಕಲ್ಲು ನಾಳದಲ್ಲೇ ಇದ್ದರೆ ಇನ್ನು ಕಾಯುವುದರಲ್ಲಿ ಲಾಭವಿಲ್ಲ.

ಕಾಯಲೇಬಾರದ ಸಂದರ್ಭಗಳಿವೆ. ನೋವಿನ ಜೊತೆ ಚಳಿಜ್ವರ, ಮೂತ್ರವೇ ಬರದಿರುವುದು, ಇರುವುದೇ ಒಂದು ಕಿಡ್ನಿ, ನೀರೂ ನಿಲ್ಲದಂಥ ವಾಂತಿ. ಚಳಿಜ್ವರವೆಂದರೆ ಕಟ್ಟಿನಿಂತ ಮೂತ್ರದಲ್ಲಿ ಸೋಂಕು ಹತ್ತಿದೆ. ಆಗ ಮಾತ್ರೆಯಿಂದ ಆಗುವ ಕೆಲಸವಲ್ಲ, ಕೆಲವೇ ಗಂಟೆಯೊಳಗೆ ನಾಳದೊಳಗೆ ಸ್ಟೆಂಟ್ ಎಂಬ ಕೊಳವೆ ಹಾಕಿಯೋ ಬೆನ್ನಿನಿಂದ ಕೊಳವೆ ಇಳಿಸಿಯೋ ಮೂತ್ರ ಹೊರತೆಗೆಯಬೇಕು. ಯೂರಾಲಜಿಸ್ಟ್ (ಮೂತ್ರಾಂಗಗಳ ತಜ್ಞರು) ಇಲ್ಲದ ಕಡೆ ಒಂದು ರಾತ್ರಿ ಗ್ಲೂಕೋಸ್ ಹಾಕಿಸಿಕೊಂಡು ಮಲಗುವುದಕ್ಕಿಂತ ನೇರ ಮಂಗಳೂರಿನ ದಾರಿ ಹಿಡಿಯುವುದು ಮೇಲು.

ಇನ್ನು ಕಲ್ಲು ಕರಗಿಸುವ ಮಾತು. ಕುಡಿಯುವ ಯಾವ ರಸವೂ ಕ್ಯಾಲ್ಸಿಯಂ ಆಕ್ಸಲೇಟ್ ಕಲ್ಲನ್ನು ಕರಗಿಸುವುದಿಲ್ಲ. ಬಾಳೆದಿಂಡು, ಹುರುಳಿ ಕಟ್ಟು, ಕಾಡುಬಸಳೆ ಎಲೆ, ಬಿಯರು ಎಲ್ಲಕ್ಕೂ ಇದೇ ಉತ್ತರ. ಹಾಗಾದರೆ ಇಷ್ಟು ಜನರಿಗೆ ಗುಣವಾದದ್ದು ಹೇಗೆ? 4 ಎಂ.ಎಂ. ಕಲ್ಲು ಹೇಗೂ ಬೀಳುವಂಥದ್ದು. ಬೀಳುವ ಹಿಂದಿನ ದಿನ ಯಾವುದನ್ನು ಕುಡಿದಿದ್ದರೋ ಅದಕ್ಕೆ ಹೆಸರು. ಬಾಳೆದಿಂಡನ್ನು ಪಲ್ಯಕ್ಕೋ ಮಜ್ಜಿಗೆಹುಳಿಗೋ ಹಾಕಿ ಉಣ್ಣುವುದರಲ್ಲಿ ದೋಷವೇನೂ ಇಲ್ಲ, ಅದರ ರಸದ ಜೊತೆ ಹೋಗುವ ನೀರಿನಿಂದ ಲಾಭವೇ. ಕರಗುವ ಕಲ್ಲು ಯೂರಿಕ್ ಆಸಿಡಿನದ್ದು. ಅದು ಮೂತ್ರದ ಪಿ.ಎಚ್. 5.5ಕ್ಕಿಂತ ಕೆಳಗಿರುವವರಲ್ಲಿ, ಹೆಚ್ಚಾಗಿ ಸಕ್ಕರೆ ಕಾಯಿಲೆಯವರಲ್ಲಿ, ಬೊಜ್ಜಿನವರಲ್ಲಿ ಬೆಳೆಯುತ್ತದೆ. ಸಾದಾ ಎಕ್ಸ್‌ರೇಯಲ್ಲಿ ಕಾಣುವುದಿಲ್ಲ, ಸಿ.ಟಿ.ಯಲ್ಲಿ ಸುಮಾರು 500 ಹೌನ್ಸ್‌ಫೀಲ್ಡ್ ಯೂನಿಟ್‌ಗಿಂತ ಕಡಿಮೆ ಸಾಂದ್ರತೆಯಲ್ಲಿ ಕಾಣುತ್ತದೆ. ಪೊಟ್ಯಾಸಿಯಂ ಸಿಟ್ರೇಟ್ ಕೊಟ್ಟು ಪಿ.ಎಚ್. ಅನ್ನು 6.5ರಿಂದ 7ರ ನಡುವೆ ಹಿಡಿದಿಟ್ಟರೆ ಕೆಲವು ವಾರ, ತಿಂಗಳುಗಳಲ್ಲಿ ಕರಗುತ್ತದೆ. ಅಂಗಡಿಯ ಪಿ.ಎಚ್. ಪಟ್ಟಿಯಿಂದ ಮನೆಯಲ್ಲೇ ನೋಡಿಕೊಳ್ಳಬಹುದು. 7 ದಾಟಿದರೆ ಫಾಸ್ಫೇಟ್ ಕಲ್ಲಿಗೆ ದಾರಿಯಾಗುತ್ತದೆ.

ಮನೆಮದ್ದಿನಲ್ಲಿ ನಿಜವಾಗಿ ಹೆದರಬೇಕಾದದ್ದು ಬಿಂಬುಳಿ ರಸಕ್ಕೆ. ಮಲಯಾಳದವರ ಇರುಂಬನ್ ಪುಳಿ ಇದೇ. ಮೀನಿನ ಸಾರಿಗೆ ನಾಲ್ಕು ಕಾಯಿ, ಉಪ್ಪಿನಕಾಯಿಗೆ ಒಂದಿಷ್ಟು, ಅದೆಲ್ಲ ಸರಿ. ಆದರೆ ಕೊಲೆಸ್ಟರಾಲ್ ಇಳಿಯುತ್ತದೆಂದು ಕಾಯಿಗಳನ್ನು ಅರೆದು ಲೋಟಗಟ್ಟಲೆ ಗಟ್ಟಿ ರಸ ಕುಡಿದವರ ಕಿಡ್ನಿ ದಿಢೀರನೆ ನಿಂತುಹೋದ 10 ಪ್ರಕರಣಗಳನ್ನು ಕೇರಳದ ವೈದ್ಯರು 2013ರಲ್ಲಿ ಪ್ರಕಟಿಸಿದ್ದಾರೆ. ಅವರಲ್ಲಿ ಹಲವರಿಗೆ ಡಯಾಲಿಸಿಸ್ ಬೇಕಾಯಿತು. ಬಿಂಬುಳಿಯಲ್ಲಿ ಆಕ್ಸಲೇಟ್ ಅಷ್ಟು ಹೆಚ್ಚು. ಅದು ಕಿಡ್ನಿಯ ಸಣ್ಣ ನಾಳಗಳಲ್ಲೇ ಹರಳಾಗಿ ಕಟ್ಟಿಬಿಡುತ್ತದೆ. ದಾರೆಹುಳಿ, ಅಂದರೆ ಐದು ಏಣಿನ ಹಳದಿ ಹಣ್ಣು, ಅದರ ಖಾಸಾ ಸಂಬಂಧಿ. ಕಿಡ್ನಿ ಮೊದಲೇ ಸೋತವರು ಅದನ್ನು ಒಂದೂ ತಿನ್ನಬಾರದು, ಮೆದುಳಿಗೂ ಏರುವ ವಿಷವಾಗುತ್ತದೆ.

ಮತ್ತೆ ಬಾರದ ಹಾಗೆ ನೋಡಿಕೊಳ್ಳುವುದರಲ್ಲಿ ನೀರಿನದ್ದೇ ದೊಡ್ಡ ಪಾಲು. ಒಮ್ಮೆ ಕಲ್ಲಾದವರಲ್ಲಿ ಸುಮಾರು ಅರ್ಧ ಮಂದಿಗೆ ಹತ್ತು ವರ್ಷದೊಳಗೆ ಮತ್ತೆ ಆಗುತ್ತದೆ. ಇಟಲಿಯ ಪಾರ್ಮಾದಲ್ಲಿ ಮೊದಲ ಸಲ ಕಲ್ಲಾದ 199 ಮಂದಿಯನ್ನು ಐದು ವರ್ಷ ಗಮನಿಸಿ 1996ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಹೆಚ್ಚು ನೀರು ಕುಡಿದವರಲ್ಲಿ ಶೇ. 12 ಮಂದಿಗೆ, ಉಳಿದವರಲ್ಲಿ ಶೇ. 27 ಮಂದಿಗೆ ಕಲ್ಲು ಮರಳಿತು. ಲೆಕ್ಕ ಇಡಬೇಕಾದದ್ದು ಕುಡಿದ ನೀರಿನದ್ದಲ್ಲ, ಹೋದ ಮೂತ್ರದ್ದು: ದಿನಕ್ಕೆ ಎರಡೂವರೆ ಲೀಟರ್. ಮನೆಯೊಳಗೆ ಕೆಲಸ ಮಾಡುವವರಿಗೆ ಮೂರು ಲೀಟರ್ ಕುಡಿದರೆ ಅಷ್ಟಾಗಬಹುದು. ಮೇ ತಿಂಗಳ ಸೆಕೆಯಲ್ಲಿ ಕೆಂಪುಕಲ್ಲಿನ ಕೋರೆಯಲ್ಲಿ ದುಡಿಯುವವರಿಗೆ, ಗಲ್ಫಿನ ಬಿಸಿಲಲ್ಲಿ ಕಟ್ಟಡದ ಕೆಲಸಕ್ಕಿರುವವರಿಗೆ ನಾಲ್ಕು ಲೀಟರೂ ಸಾಲದು, ಯಾಕೆಂದರೆ ಬಹುಪಾಲು ಬೆವರಾಗಿ ಹೋಗುತ್ತದೆ. ಒಂದು ರಜಾದಿನ ಅಳತೆಯ ಬಾಟಲಿಯಲ್ಲಿ ಮೂತ್ರ ಅಳೆದು ನೋಡಿ. ಹೆಚ್ಚಿನವರಿಗೆ ಒಂದೂಕಾಲು ಲೀಟರೂ ದಾಟುವುದಿಲ್ಲ. ಮಲಗುವ ಮುಂಚೆ ಎರಡು ಲೋಟ ಕುಡಿದು ರಾತ್ರಿ ಒಮ್ಮೆ ಎದ್ದು ಹೋಗುವಂತಿದ್ದರೆ ಒಳ್ಳೆಯದು, ಗಟ್ಟಿ ಮೂತ್ರ ನಿಲ್ಲುವುದು ರಾತ್ರಿಯೇ. ಜೂನ್‌ನಿಂದ ಸೆಪ್ಟೆಂಬರ್ ತನಕ ಜಡಿಮಳೆಯಲ್ಲಿ ಬಾಯಾರಿಕೆಯೇ ಆಗುವುದಿಲ್ಲ, ಆಗ ಗಡಿಯಾರ ನೋಡಿ ಕುಡಿಯಬೇಕು. ಬೀಡಿ ಕಟ್ಟುವ ಅಮ್ಮಂದಿರು, ಅಂಗಡಿಗಳಲ್ಲಿ ನಿಲ್ಲುವ ಹೆಣ್ಣುಮಕ್ಕಳು ಶೌಚಾಲಯಕ್ಕೆ ಹೋಗಬೇಕಾಗುತ್ತದೆಂದು ನೀರು ಬಿಡುತ್ತಾರೆ. ಇದು ಅವರ ತಪ್ಪಲ್ಲ, ಕೆಲಸದ ಜಾಗದಲ್ಲಿ ಶೌಚಾಲಯ ಕೊಡದವರ ತಪ್ಪು. ಹೃದಯ ಸೋತವರು, ಕಿಡ್ನಿ ಸೋತವರು ಮಾತ್ರ ವೈದ್ಯರು ಹೇಳಿದ ಅಳತೆ ಮೀರಬಾರದು.

ಕೊಳವೆಬಾವಿಯ ನೀರಿನಿಂದಲೇ ಕಲ್ಲಾಯಿತು ಎಂಬ ಮಾತು ಎಲ್ಲ ಕಡೆ ಇದೆ. ನಮ್ಮ ಮುರಕಲ್ಲು ನೆಲದ ಬಾವಿನೀರು, ಸುರಂಗದ ನೀರು ಸಾಮಾನ್ಯವಾಗಿ ಮೆದು ನೀರು. ಗಡಸು ನೀರೇ ಆದರೂ ಕಲ್ಲಾಗುವುದರಲ್ಲಿ ಅದರ ಪಾಲು ಬಹಳ ಸಣ್ಣದು. ನೀರಿನ ಜಾತಿಗಿಂತ ಅಳತೆ ಮುಖ್ಯ. ಸೀಯಾಳದಲ್ಲಿ ಪೊಟ್ಯಾಸಿಯಂ ಇದೆ, ಅದು ಮೂತ್ರದ ಸಿಟ್ರೇಟನ್ನು ಹೆಚ್ಚಿಸಿ ಹರಳು ಕಟ್ಟದಂತೆ ತಡೆಯಲು ನೆರವಾಗುತ್ತದೆ. ನಿಂಬೆಹಣ್ಣೂ ಹಾಗೆಯೇ, ದಿನಕ್ಕೆ ಎರಡು ಹಣ್ಣಿನ ರಸ ನೀರಿಗೆ ಹಿಂಡಿಕೊಂಡರೆ ಸಾಕು. ಉಪ್ಪು, ಸಕ್ಕರೆ ಹಾಕಿದರೆ ಲಾಭ ಕಳೆದುಹೋಯಿತು.

ಉಪ್ಪಿಗೂ ಕಲ್ಲಿಗೂ ಏನು ನಂಟು ಎಂದು ಕೇಳುವವರಿದ್ದಾರೆ. ಕಿಡ್ನಿ ಸೋಡಿಯಂ ಹೊರಹಾಕುವಾಗ ಕ್ಯಾಲ್ಸಿಯಂ ಜೊತೆಯಲ್ಲೇ ಹೊರಡುತ್ತದೆ. 6 ಗ್ರಾಂ ಉಪ್ಪು ಹೆಚ್ಚು ತಿಂದರೆ ದಿನದ ಮೂತ್ರದಲ್ಲಿ ಸುಮಾರು 40 ಮಿ.ಗ್ರಾಂ. ಕ್ಯಾಲ್ಸಿಯಂ ಹೆಚ್ಚು. ಕುಚ್ಚಲಕ್ಕಿ ಗಂಜಿ ತಿಳಿಸಮೇತ ಕಿಡ್ನಿಗೆ ಒಳ್ಳೆಯ ಊಟ, ಆದರೆ ಅದರ ಬದಿಗೆ ಬರುವ ಮಿಡಿ ಉಪ್ಪಿನಕಾಯಿ, ಹಪ್ಪಳ, ಒಣಮೀನು, ಉಪ್ಪುಸೊಳೆಯ ಪಲ್ಯ ಲೆಕ್ಕ ಕೆಡಿಸುತ್ತವೆ. ಎಲ್ಲ ಸೇರಿ ದಿನಕ್ಕೆ ಒಂದು ಟೀ ಚಮಚ ಉಪ್ಪು, ಅದಕ್ಕಿಂತ ಹೆಚ್ಚಲ್ಲ.

ಹಾಲು, ಮೊಸರು ಬಿಡುವುದು ದೊಡ್ಡ ತಪ್ಪು. ಊಟದಲ್ಲಿರುವ ಕ್ಯಾಲ್ಸಿಯಂ ಕರುಳಿನಲ್ಲೇ ಆಕ್ಸಲೇಟನ್ನು ಹಿಡಿದು ಮಲದಲ್ಲಿ ಕಳಿಸುತ್ತದೆ. ಕ್ಯಾಲ್ಸಿಯಂ ಇಲ್ಲದಿದ್ದರೆ ಆ ಆಕ್ಸಲೇಟ್ ರಕ್ತಕ್ಕೆ ಸೇರಿ ಕಿಡ್ನಿಗೆ ಬರುತ್ತದೆ. ಅದೇ ಪಾರ್ಮಾದ ತಂಡ 2002ರಲ್ಲಿ 120 ಗಂಡಸರ ಅಧ್ಯಯನದಲ್ಲಿ ಇದನ್ನು ತೋರಿಸಿತು. ಕ್ಯಾಲ್ಸಿಯಂ ಕಡಿಮೆ ಮಾಡಿದ 60 ಮಂದಿಯಲ್ಲಿ 23 ಜನರಿಗೆ ಕಲ್ಲು ಮರಳಿತು; ಕ್ಯಾಲ್ಸಿಯಂ ಹಾಗೇ ಇಟ್ಟು ಉಪ್ಪು, ಮಾಂಸ ಇಳಿಸಿದ 60 ಮಂದಿಯಲ್ಲಿ 12 ಜನರಿಗೆ. ಮೂಳೆಗೆಂದು ಕ್ಯಾಲ್ಸಿಯಂ ಮಾತ್ರೆ ನುಂಗುವವರು ಬರಿಹೊಟ್ಟೆಗೆ ಬೇಡ, ಊಟದ ಜೊತೆಗೇ ತೆಗೆದುಕೊಳ್ಳಲಿ. ವಿಟಮಿನ್ ಸಿ ಮಾತ್ರೆ ದಿನಕ್ಕೆ 1 ಗ್ರಾಂ ದಾಟಬಾರದು, ಅದು ದೇಹದಲ್ಲಿ ಆಕ್ಸಲೇಟಾಗುತ್ತದೆ.

ಟೊಮೆಟೊ ಬಿಡಬೇಕಾಗಿಲ್ಲ. ಒಂದು ಟೊಮೆಟೊದಲ್ಲಿ ಆಕ್ಸಲೇಟ್ 10 ಮಿ.ಗ್ರಾಂ. ಸಹ ಇರುವುದಿಲ್ಲ, ಅರ್ಧ ಕಪ್ ಬೇಯಿಸಿದ ಪಾಲಕಿನಲ್ಲಿ 700 ದಾಟುತ್ತದೆ. ನಮ್ಮಲ್ಲಿ ಗಮನಿಸಬೇಕಾದವು ಕೆಸುವಿನ ಎಲೆ, ಹರಿವೆ, ಬಸಳೆ, ಬೀಟ್‌ರೂಟ್, ಗೇರುಬೀಜ, ಎಳ್ಳು. ಸೊಪ್ಪನ್ನು ನೀರಿನಲ್ಲಿ ಕುದಿಸಿ ಆ ನೀರು ಚೆಲ್ಲಿದರೆ ಆಕ್ಸಲೇಟ್ ಬಹಳಷ್ಟು ಇಳಿಯುತ್ತದೆ. ಹಬೆಯಲ್ಲಿ ಬೇಯಿಸಿದರೆ ಅಷ್ಟು ಇಳಿಯುವುದಿಲ್ಲ, ಆದ್ದರಿಂದ ಪದೇಪದೇ ಕಲ್ಲಾಗುವವರು ಆಟಿ ತಿಂಗಳ, ಕೆಸುವಿನ ಎಲೆಯ ಪತ್ರೊಡೆಯನ್ನು ಎರಡು ತುಂಡಿಗೆ ನಿಲ್ಲಿಸಿ, ಜೊತೆಗೊಂದು ಬಟ್ಟಲು ಮೊಸರು ಉಣ್ಣಲಿ.

ಇಷ್ಟೆಲ್ಲ ಹೇಳಿದರೂ, ಯಾವ ಕಲ್ಲು ಎಂದು ಗೊತ್ತಿಲ್ಲದೆ ಕೊಡುವ ಪಥ್ಯ ಕತ್ತಲಲ್ಲಿ ಕೈಯಾಡಿಸಿದಂತೆ. ಕಲ್ಲು ನಾಳದಲ್ಲಿದೆ ಎಂದು ಗೊತ್ತಾದ ದಿನದಿಂದ ಚಹಾ ಜಾಲರಿಯ ಮೇಲೆ ಮೂತ್ರ ಸೋಸಿ. ಸಿಕ್ಕ ಹರಳನ್ನು ತೊಳೆದು ಒಣಗಿಸಿ ಸಣ್ಣ ಡಬ್ಬಿಯಲ್ಲಿಡಿ, ಯಾವ ದ್ರವವೂ ಬೇಡ. ಇನ್ಫ್ರಾರೆಡ್ ವಿಧಾನದಲ್ಲಿ ಅದು ಯಾವುದರಿಂದ ಆದದ್ದು ಎಂದು ಲ್ಯಾಬಿನವರು ಹೇಳುತ್ತಾರೆ. ಎರಡನೇ ಸಲ ಕಲ್ಲಾದವರು, ಮಕ್ಕಳು, ಒಂದೇ ಕಿಡ್ನಿಯವರು 24 ಗಂಟೆಯ ಮೂತ್ರಪರೀಕ್ಷೆಯನ್ನೂ ಮಾಡಿಸಬೇಕು. ಬೆಳಿಗ್ಗೆ ಎದ್ದು ಹೋದ ಮೊದಲ ಮೂತ್ರವನ್ನು ಬಿಟ್ಟು ಸಮಯ ಬರೆದಿಡಿ. ಅಲ್ಲಿಂದ ಮರುದಿನ ಅದೇ ಸಮಯದ ಮೊದಲ ಮೂತ್ರದ ತನಕ ಒಂದು ಹನಿಯೂ ಬಿಡದೆ ಕ್ಯಾನಿಗೆ ಹಾಕಿ. ಮಲವಿಸರ್ಜನೆಗೆ ಹೋದಾಗ ಮೂತ್ರ ಹಿಡಿಯಲು ಮರೆಯುವುದೇ ಹೆಚ್ಚಿನವರ ತಪ್ಪು. ಪರೀಕ್ಷೆ ಇದೆಯೆಂದು ಆ ದಿನ ಮಾತ್ರ ಪಥ್ಯ ಮಾಡಬೇಡಿ, ನಿತ್ಯದ ಊಟವನ್ನೇ ಮಾಡಿ. ಕ್ಯಾನಿನಲ್ಲಿ ಆಮ್ಲ ಹಾಕಿ ಕೊಟ್ಟಿದ್ದರೆ ನೇರ ಅದಕ್ಕೆ ಮೂತ್ರ ಹೊಯ್ಯದೆ ಬೇರೆ ಪಾತ್ರೆಯಲ್ಲಿ ಹಿಡಿದು ಸುರಿಯಿರಿ, ಚರ್ಮಕ್ಕೆ ಸಿಡಿಯಬಾರದು.

ತೆಗೆಯಲೇಬೇಕಾದ ಕಲ್ಲಿಗೆ ದಾರಿಗಳು ಹಲವು: ಹೊರಗಿನಿಂದ ಅಲೆಯ ಪೆಟ್ಟು ಕೊಟ್ಟು ಒಡೆಯುವುದು, ಮೂತ್ರದ ದಾರಿಯಲ್ಲೇ ದುರ್ಬೀನು ಹಾಕಿ ಲೇಸರಿನಿಂದ ಪುಡಿ ಮಾಡುವುದು, 2 ಸೆಂ.ಮೀ. ದಾಟಿದರೆ ಬೆನ್ನಿನಿಂದ ರಂಧ್ರ ಮಾಡಿ ತೆಗೆಯುವುದು. ಸೋಂಕಿನ ಕಲ್ಲು ನೋವಿಲ್ಲದೆ ಜಿಂಕೆಕೊಂಬಿನಂತೆ ಬಟ್ಟಲು ತುಂಬ ಬೆಳೆಯುತ್ತದೆ, ಅದನ್ನು ಚೂರೂ ಉಳಿಸದೆ ತೆಗೆಯಬೇಕು.

ಇವುಗಳ ನಂತರ ಹೆಚ್ಚಾಗಿ ನಾಳದಲ್ಲಿ ಡಿ.ಜೆ. ಸ್ಟೆಂಟ್ ಎಂಬ ಮೆದು ಕೊಳವೆ ಬಿಟ್ಟಿರುತ್ತಾರೆ. ಅದು ಇರುವಷ್ಟು ದಿನ ಪಕ್ಕೆ ಎಳೆತ, ಮೂತ್ರದಲ್ಲಿ ಸ್ವಲ್ಪ ರಕ್ತ, ಪದೇಪದೇ ಅವಸರ ಇರುವುದು ಸಹಜ. ನೋವು ಹೋದಮೇಲೆ ಅದು ಒಳಗಿದೆ ಎಂಬುದನ್ನೇ ಮರೆತುಬಿಡುವವರಿದ್ದಾರೆ, ಮುಖ್ಯವಾಗಿ ರಜೆಯಲ್ಲಿ ಬಂದು ಚಿಕಿತ್ಸೆ ಮುಗಿಸಿ ಮತ್ತೆ ಗಲ್ಫಿಗೆ ಹಾರುವವರು. ಮೂರು ತಿಂಗಳು ಮೀರಿದರೆ ಆ ಕೊಳವೆಗೇ ಸುಣ್ಣ ಕಟ್ಟಲು ಶುರುವಾಗುತ್ತದೆ, ವರ್ಷ ದಾಟಿದರೆ ಎಳೆದರೂ ಬಾರದೆ ಹೋಗಬಹುದು. ಡಿಸ್ಚಾರ್ಜ್ ಹಾಳೆಯಲ್ಲಿ ಸ್ಟೆಂಟ್ ಹಾಕಿದ ದಿನ, ಯಾವ ಬದಿ, ತೆಗೆಯಬೇಕಾದ ದಿನ ಮೂರೂ ಇವೆಯೇ ನೋಡಿ. ಇಲ್ಲದಿದ್ದರೆ ಅಲ್ಲೇ ಬರೆಸಿಕೊಂಡು, ಮನೆಯ ಕ್ಯಾಲೆಂಡರಿನಲ್ಲೂ ಫೋನಿನಲ್ಲೂ ಆ ತಾರೀಕು ಗುರುತು ಹಾಕಿ, ವಿಮಾನದ ಟಿಕೆಟನ್ನು ಅದರ ನಂತರದ ದಿನಕ್ಕೆ ಮಾಡಿಸಿ. ತೆಗೆಯುವುದು ಜಾಗ ಮರಗಟ್ಟಿಸಿ ಮಾಡುವ ಕೆಲವೇ ನಿಮಿಷದ ಕೆಲಸ.